ಅತ್ತೆಯ ಗುಳಿಗೆಗಳು ಜೋಳದ ಡಬ್ಬಿಯಲ್ಲಿ ಸಿಕ್ಕವು. ಈಗ ಏನು ಮಾಡಲಿ?

ನವನಗರದ ಸೊಸೆ, ಬಾಗಲಕೋಟೆ | ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇವತ್ತು ಮಧ್ಯಾಹ್ನ ಜೋಳ ಬೀಸಿಸಿಕೊಂಡು ಬರೋಣ ಅಂತ ಡಬ್ಬಿ ಬರಿದು ಮಾಡಿದೆ. ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಗುಳಿಗೆಗಳು. ಬಿಡಿ ಗುಳಿಗೆ, ಅರ್ಧ ಕತ್ತರಿಸಿದ ಸ್ಟ್ರಿಪ್, ಒಡೆಯದೇ ಇದ್ದ ಪೂರ್ತಿ ಸ್ಟ್ರಿಪ್. ನೆಲದ ಮೇಲೆ ಹರವಿ ಎಣಿಸಿದೆ. 143 ಇದ್ದವು.

ಅತ್ತೆಗೆ 63 ವರ್ಷ. ಆರು ವರ್ಷದಿಂದ ಬಿಪಿ, ನಾಲ್ಕು ವರ್ಷದಿಂದ ಶುಗರ್. ಕಾಯಿಪಲ್ಲೆ ಮಾರುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಮಾಲು ತಂದು ಮಾರ್ಕೆಟ್ಟಿನಲ್ಲಿ ಕೂತರೆ ಮನೆಗೆ ಬರುವುದು ಮಧ್ಯಾಹ್ನ ಎರಡಕ್ಕೆ. ಮೊದಲು ಬಿಪಿಗೆ ಒಂದೇ ಗುಳಿಗೆ ಇತ್ತು. ಹೋದ ವರ್ಷ ಎರಡಾಯಿತು. ಆದರೂ ಯಾವಾಗ ನೋಡಿದರೂ 180ರ ಮೇಲೆ. ಹೋದ ತಿಂಗಳು ಡಾಕ್ಟರ್ ಮೂರನೆಯದನ್ನೂ ಸೇರಿಸಿದರು. ಗುಳಿಗೆ ನಾಟುತ್ತಿಲ್ಲ, ಬೇರೆ ದೊಡ್ಡ ದವಾಖಾನೆಗೆ ತೋರಿಸೋಣ ಅಂತ ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ನಾಟುವುದು ಹೇಗೆ? ನುಂಗಿದ್ದರೆ ತಾನೇ.

ನನಗೆ ಸಿಟ್ಟು ಬಂತು. ಮಾವನಿಗೆ 2018ರಲ್ಲಿ ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಅವರನ್ನು ಎತ್ತಿ ಕೂರಿಸಿದ್ದು, ಬಟ್ಟೆ ಬದಲಿಸಿದ್ದು ಎಲ್ಲಾ ಅತ್ತೆಯೇ. ಅಷ್ಟು ನೋಡಿದವರು ಹೀಗೆ ಮಾಡುತ್ತಾರಲ್ಲ ಅಂತ ಜೋರಾಗಿ ಕೂಗಾಡಿದೆ. ಅವರು ಒಂದು ಮಾತೂ ಆಡಲಿಲ್ಲ. ಸುಮ್ನೆ ರೊಟ್ಟಿ ಬಡಿಯುತ್ತಾ ಕೂತರು. ಸಂಜೆಯಿಂದ ನನ್ನ ಜೊತೆ ಮಾತಿಲ್ಲ.

ನಾಳೆಯಿಂದ ಎದುರಿಗೆ ಕೂತು ನಾನೇ ನುಂಗಿಸಬೇಕು ಅಂದುಕೊಂಡಿದ್ದೇನೆ. ನಿಮ್ಮ ಮನೆಗಳಲ್ಲಿ ಹೀಗಾದಾಗ ಏನು ಮಾಡಿದಿರಿ?

ಬೀಳಗಿ ಹುಡುಗ | ಭಾನುವಾರ ರಾತ್ರಿ 10:12

ಅಕ್ಕಾ, ನಮ್ಮ ಅಜ್ಜನೂ ಹೀಗೇ ಹಟ ಮಾಡುತ್ತಿದ್ದರು. ಈಗ ಗುಳಿಗೆ ಕುಟ್ಟಿ ಪುಡಿ ಮಾಡಿ ಸಾರಿನಲ್ಲಿ ಹಾಕಿ ಕೊಡುತ್ತೇವೆ. ಅವರಿಗೆ ಗೊತ್ತೇ ಆಗಲ್ಲ. ನೀವೂ ಹಾಗೇ ಮಾಡಿ.

ಜಮಖಂಡಿ ಮೆಡಿಕಲ್ ಅಂಗಡಿಯವ | ಭಾನುವಾರ ರಾತ್ರಿ 10:40

ತಮ್ಮಾ, ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸು. ಕೆಲವು ಗುಳಿಗೆಯನ್ನು ಹೊಟ್ಟೆಯಲ್ಲಿ ನಿಧಾನವಾಗಿ, ದಿನವಿಡೀ ಸ್ವಲ್ಪ ಸ್ವಲ್ಪವೇ ಔಷಧ ಬಿಡುವ ಹಾಗೆ ಮಾಡಿರುತ್ತಾರೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇರುತ್ತದೆ. ಅದನ್ನು ಕುಟ್ಟಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಹೋಗುತ್ತದೆ. ಅಜ್ಜ ಆ ದಿನ ಸಾರು ಅರ್ಧ ಬಿಟ್ಟರೆ ಔಷಧವೂ ಅರ್ಧ ಹೋಯಿತು. ಅದಕ್ಕಿಂತ ದೊಡ್ಡ ಮಾತು, ಒಂದು ದಿನ ಅಜ್ಜನಿಗೆ ಗೊತ್ತಾದರೆ ಗುಳಿಗೆ ಜೊತೆ ಊಟವನ್ನೂ ನಂಬುವುದಿಲ್ಲ. ನುಂಗುವುದು ಕಷ್ಟ ಅನ್ನುವುದಾದರೆ ಡಾಕ್ಟರಿಗೆ ಹೇಳಿ. ಬೇರೆ ನಮೂನೆಯ ಔಷಧ ಇರುತ್ತದೆ.

ತಂಗಿ, ಈಗ ನಿನ್ನ ಮಾತಿಗೆ ಬರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಅಂಗಡಿಯಲ್ಲಿ ನಿಂತಿದ್ದೇನೆ. ಗುಳಿಗೆ ಬಿಡುವವರಲ್ಲಿ ಹಟಕ್ಕೆ ಬಿಡುವವರು ಬಹಳ ಕಡಿಮೆ. ಚೀಟಿಯಲ್ಲಿ 30 ಗುಳಿಗೆ ಬರೆದಿರುತ್ತಾರೆ, ಮುದುಕಪ್ಪ ಬಂದು "ಸದ್ಯಕ್ಕ ಐದು ಕೊಡಪಾ" ಅನ್ನುತ್ತಾನೆ. ಐದು ಮುಗಿದ ಮೇಲೆ ಸಂತೆಯ ದಿನ ಬರುವವರೆಗೆ ಖಾಲಿ. ಅದು ಮರೆವಲ್ಲ, ರೊಕ್ಕದ ಮಾತು. ಅಂಥವರಿಗೆ ನಾನೇ ಜನೌಷಧಿ ಕೇಂದ್ರಕ್ಕೆ ಹೋಗಲು ಹೇಳುತ್ತೇನೆ. ಅದೇ ಔಷಧ, ಕಂಪನಿ ಹೆಸರಿನ ಗುಳಿಗೆಗಿಂತ 50ರಿಂದ 90 ಪರ್ಸೆಂಟ್ ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ವ್ಯಾಪಾರ ಸ್ವಲ್ಪ ಕಮ್ಮಿ ಆಗುತ್ತದೆ, ಆಗಲಿ.

ಇನ್ನೊಂದು ತೊಂದರೆ ಬಣ್ಣದ್ದು. ನಮ್ಮ ಕಡೆ ಎಷ್ಟೋ ಜನ ಗುಳಿಗೆಯನ್ನು ಗುರುತು ಹಿಡಿಯುವುದೇ ಬಣ್ಣದ ಮೇಲೆ. ಒಂದು ತಿಂಗಳು ಒಂದು ಕಂಪನಿಯದು ಸಿಗಲಿಲ್ಲ ಅಂತ ಇನ್ನೊಂದು ಕೊಟ್ಟರೆ ಬಿಳಿ ಹೋಗಿ ಗುಲಾಬಿ ಬರುತ್ತದೆ. ಕೆಲವರು "ಇದು ನಂದಲ್ಲ" ಅಂತ ಬಿಟ್ಟುಬಿಡುತ್ತಾರೆ. ಕೆಲವರು ಹಳೆಯ ಬಿಳಿಯದನ್ನೂ ಹೊಸ ಗುಲಾಬಿಯದನ್ನೂ ಎರಡೂ ನುಂಗುತ್ತಾರೆ. ಅಂದರೆ ಒಂದೇ ಔಷಧ ಎರಡು ಪಟ್ಟು. ಇದು ಬಿಡುವುದಕ್ಕಿಂತ ಅಪಾಯ. ಅದಕ್ಕೇ ನಾನು ಮಾರ್ಕರ್ ಪೆನ್ನಿಂದ ಪ್ರತಿ ಸ್ಟ್ರಿಪ್ ಮೇಲೆ ಕನ್ನಡದಲ್ಲಿ ಬಿಪಿ, ಸಕ್ಕರೆ ಅಂತ ಬರೆಯುತ್ತೇನೆ. ಓದಲು ಬಾರದವರಿಗೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಎರಡು ನಿಮಿಷದ ಕೆಲಸ. ನಿಮ್ಮ ಅಂಗಡಿಯವರಿಗೂ ಕೇಳಿ, ಇಲ್ಲ ಅನ್ನುವುದಿಲ್ಲ.

ಡಬ್ಬಿಯಲ್ಲಿ ಸಿಕ್ಕ ಬಿಡಿ ಗುಳಿಗೆಗಳನ್ನು ಮಾತ್ರ ಮತ್ತೆ ಬಳಸಬೇಡ. ಯಾವುದು ಯಾವುದೆಂದು ಗೊತ್ತಿಲ್ಲ, ತಾರೀಖು ಇಲ್ಲ. ಆದರೆ ಎಸೆಯುವ ಮೊದಲು ಚೀಲ ಸಮೇತ ಡಾಕ್ಟರಿಗೆ ತೋರಿಸು.

ಸಿಂದಗಿ ಕಡೆಯ ನರ್ಸ್ | ಸೋಮವಾರ ಬೆಳಗ್ಗೆ 6:25

ಡ್ಯೂಟಿಗೆ ಹೋಗುವ ಮೊದಲು ಇದನ್ನು ಬರೆಯಲೇಬೇಕು ಅಂತ ಕೂತೆ. ಅಕ್ಕಾ, ಇವತ್ತಿನಿಂದ ಎದುರಿಗೆ ಕೂತು ಎಲ್ಲ ಗುಳಿಗೆ ನುಂಗಿಸುತ್ತೇನೆ ಅಂದಿದ್ದೀರಲ್ಲ, ದಯಮಾಡಿ ತಡೆಯಿರಿ.

ಒಂದು ಗುಳಿಗೆ ಇದ್ದದ್ದು ಮೂರು ಯಾಕಾಯಿತು ನೋಡಿ. ನುಂಗುತ್ತಿದ್ದಾರೆ ಅಂತ ನಂಬಿ ಡಾಕ್ಟರ್ ಹೆಚ್ಚಿಸುತ್ತಾ ಹೋದರು. ನಿಜವಾಗಿ ಅತ್ತೆಯವರಿಗೆ ಮೂರು ಬೇಕೋ ಒಂದೇ ಸಾಕೋ ಯಾರಿಗೂ ಗೊತ್ತಿಲ್ಲ. ಎಷ್ಟು ದಿನದಿಂದ ಬಿಟ್ಟಿದ್ದಾರೋ ಅದೂ ಗೊತ್ತಿಲ್ಲ. ಒಮ್ಮೆಲೇ ಮೂರನ್ನೂ ಶುರು ಮಾಡಿದರೆ ಬಿಪಿ ತಟ್ಟನೆ ಇಳಿದು ತಲೆ ಸುತ್ತಿ ಬೀಳಬಹುದು. ಬೆಳಗಿನ ಕತ್ತಲಲ್ಲಿ ಮಾರ್ಕೆಟ್ಟಿಗೆ ಹೋಗುವವರು ಬೇರೆ. ಶುಗರ್ ಗುಳಿಗೆಯಲ್ಲೂ ಕೆಲವು ಸಕ್ಕರೆಯನ್ನು ಜಾಸ್ತಿ ಇಳಿಸುತ್ತವೆ. ಹಾಗಂತ ವಾರಗಟ್ಟಲೆ ಕಾಯಬೇಡಿ. 180 ಅಂದರೆ ಕಡಿಮೆ ಅಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೇಗ ಕರೆದುಕೊಂಡು ಹೋಗಿ. ಬಾಯಿ ಸೊಟ್ಟಗಾಗುವುದು, ಒಂದು ಕೈಯಲ್ಲಿ ಶಕ್ತಿ ಇಲ್ಲದಂತಾಗುವುದು, ಮಾತು ತೊದಲುವುದು, ಎದೆನೋವು, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಇನ್ನು ಕೇಳುವ ರೀತಿ. ನಾನೂ ಮೊದಲು "ಗುಳಿಗೆ ಸರಿಯಾಗಿ ತಗೋತೀರಲ್ಲ?" ಅಂತ ಕೇಳುತ್ತಿದ್ದೆ. ಎಲ್ಲರೂ "ಹೂಂ ರೀ" ಅನ್ನುತ್ತಿದ್ದರು. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಈಗ ಹೀಗೆ ಕೇಳುತ್ತೇನೆ: "ದಿನಾ ನುಂಗುವುದು ಯಾರಿಗಾದರೂ ಬೇಜಾರೇ. ಒಂದೆರಡು ದಿನ ಎಲ್ಲರಿಗೂ ತಪ್ಪುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿತು?" ಆಗ ಬಾಯಿ ಬಿಡುತ್ತಾರೆ. ಒಬ್ಬರು ಕಾಲು ಬಾವು ಬಂತು ಅಂತ ಬಿಟ್ಟಿರುತ್ತಾರೆ. ಆಮ್ಲೋಡಿಪಿನ್ ಅನ್ನುವ ಬಿಪಿ ಗುಳಿಗೆಗೆ ಕೆಲವರ ಪಾದ ಬಾಯುವುದುಂಟು. ಇನ್ನೊಬ್ಬರಿಗೆ ಎನಾಲಾಪ್ರಿಲ್ ಅನ್ನುವ ಬೇರೆ ಬಿಪಿ ಗುಳಿಗೆಯಿಂದ ಒಣ ಕೆಮ್ಮು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ಕೆಟ್ಟವರಂತೂ ಲೆಕ್ಕವಿಲ್ಲ. ಇವೆಲ್ಲಕ್ಕೂ ದಾರಿ ಇದೆ. ಡೋಸ್ ಇಳಿಸಬಹುದು, ಗುಳಿಗೆ ಬದಲಿಸಬಹುದು, ಊಟದ ನಂತರ ಕೊಡಬಹುದು. ಆದರೆ ಅವರು ಬಾಯಿ ಬಿಟ್ಟು ಹೇಳಬೇಕು, ನಾವು ಬೈಯದೆ ಕೇಳಬೇಕು.

ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದ ಹಾಗೆ ಔಷಧ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೇ ಸುಮಾರು ಅರ್ಧದಷ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಅತ್ತೆಯವರು ಒಬ್ಬರೇ ಅಲ್ಲ. ಅವರಿಗೆ ಕಾರಣ ಒಂದು ಇದ್ದೇ ಇದೆ. ಅವರು ಮಾರ್ಕೆಟ್ಟಿನಿಂದ ಬಂದು ಊಟ ಮಾಡಿ ಕೂತಾಗ, ಮನೆಯಲ್ಲಿ ಬೇರೆಯವರು ಇಲ್ಲದಾಗ ಕೇಳಿ ನೋಡಿ.

ನವನಗರದ ಸೊಸೆ, ಬಾಗಲಕೋಟೆ | ಸೋಮವಾರ ಬೆಳಗ್ಗೆ 8:05

ನರ್ಸ್ ಅಕ್ಕಾ, ನೀವು ಬರೆದದ್ದು ಓದಿ ಕೈಕಾಲು ತಣ್ಣಗಾದವು. ಬೆಳಗ್ಗೆ ಐದಕ್ಕೇ ಮೂರೂ ಗುಳಿಗೆ ಕೈಯಲ್ಲಿ ಹಿಡಿದು ನಿಂತಿದ್ದೆ. ಅತ್ತೆ ನನ್ನ ಮುಖ ನೋಡದೆ ಹೊರಟುಹೋದರು. ಹೋದದ್ದೇ ಒಳ್ಳೆಯದಾಯಿತು. ಡಾಕ್ಟರಿಗೆ ಫೋನ್ ಮಾಡಿದ್ದೇನೆ. ನಾಳೆ ಬರಲು ಹೇಳಿದ್ದಾರೆ, ಅಲ್ಲಿಯವರೆಗೆ ಹಳೆಯ ಒಂದನ್ನು ಮಾತ್ರ ಕೊಡಿ ಅಂದರು. ಮೆಡಿಕಲ್ ಅಂಗಡಿ ಅಣ್ಣಾರು ಹೇಳಿದ ಹಾಗೆ ಚೀಲವನ್ನೂ ಒಯ್ಯುತ್ತೇನೆ.

ಗೋಕಾಕದ ಮಗ | ಸೋಮವಾರ ಮಧ್ಯಾಹ್ನ 1:30

ನಮ್ಮ ಅನುಭವ ಬೇರೆ. ಬಿಟ್ಟಿದ್ದಲ್ಲ, ಕಳೆದುಕೊಂಡದ್ದು. ಆದರೂ ಇಲ್ಲಿ ಹೇಳಿದರೆ ನಾಲ್ಕು ಜನಕ್ಕೆ ಉಪಯೋಗ ಆಗಬಹುದು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಊರೊಳಗೆ ಬಂತಲ್ಲ, ಆಗ ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ನಳಿಗೆ) ಹಾಕಿ ಎಂಟು ತಿಂಗಳಾಗಿತ್ತು. ನೀರು ಏರುತ್ತಿದೆ ಅಂದಾಗ ಆಧಾರ್ ಕಾರ್ಡು, ಪಾಸ್‌ಬುಕ್ಕು, ಅವ್ವನ ಬೋರಮಾಳ ಸರ, ಎಮ್ಮೆ ಎಲ್ಲ ನೆನಪಾದವು. ಗುಳಿಗೆ ಡಬ್ಬಿ ಅಡುಗೆಮನೆಯ ಗೂಡಿನಲ್ಲಿ ಉಳಿಯಿತು. ದವಾಖಾನೆ ಫೈಲೂ ಅಲ್ಲೇ. ಶಾಲೆಯಲ್ಲಿ ಮಾಡಿದ್ದ ಪರಿಹಾರ ಕೇಂದ್ರದಲ್ಲಿ ಎರಡು ರಾತ್ರಿ ಕಳೆದ ಮೇಲೆ ಅಪ್ಪನೇ ಮೆಲ್ಲಗೆ ಅಂದರು, "ನನ್ನ ಗುಳಿಗಿ ತಂದೀರೇನು?"

ಡಾಕ್ಟರ್ ತಂಡ ಬಂದಿತ್ತು. ಅವರ ಹತ್ತಿರ ಔಷಧವೂ ಇತ್ತು. ಯಾವ ಗುಳಿಗೆ ಅಂತ ಕೇಳಿದರೆ ನಾವು ಹೇಳಿದ್ದು "ಗುಲಾಬಿ ಬಣ್ಣದ್ದು, ದುಂಡಗಿದೆ". ಇಂಥದ್ದು ನೂರಾರು ಇವೆ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಗುಳಿಗೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಬಹುದು ಅಂತ ಅವರು ಹೇಳಿದಾಗ ನನಗೆ ನೆಲ ಕುಸಿದಂತಾಯಿತು. ಕಡೆಗೆ ಬೆಳಗಾವಿಯ ದವಾಖಾನೆಗೆ ಫೋನ್ ಹಚ್ಚಿ, ಆಪರೇಷನ್ ಆದ ತಾರೀಖು ಹೇಳಿ, ಅಲ್ಲಿಯವರು ಹುಡುಕಿ ಹೆಸರು ಓದಿ ಹೇಳಿದರು. ಸಂಜೆ ಐದಕ್ಕೆ ಗುಳಿಗೆ ಸಿಕ್ಕಿತು. ಅಪ್ಪ ಇವತ್ತಿಗೂ ಚೆನ್ನಾಗಿದ್ದಾರೆ.

ಈಗ ನಾವು ಹೊಸ ಸ್ಟ್ರಿಪ್ ತಂದ ತಕ್ಷಣ ಹೆಸರು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇವೆ. ಡಾಕ್ಟರ್ ಚೀಟಿಯದೂ ಒಂದು. ನನ್ನ ಫೋನಿನಲ್ಲಿ, ಧಾರವಾಡದ ತಂಗಿ ಫೋನಿನಲ್ಲಿ, ಅಪ್ಪನ ಫೋನಿನಲ್ಲಿ ಮೂರರಲ್ಲೂ ಇರುತ್ತದೆ. ಒಂದು ವಾರದ ಗುಳಿಗೆ ಆಧಾರ್ ಕಾರ್ಡ್ ಇರುವ ಚೀಲದಲ್ಲೇ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಅದನ್ನು ದಿನದ ಬಳಕೆಗೆ ತೆಗೆದು ಹೊಸದು ಇಡುತ್ತೇವೆ. ಇಲ್ಲದಿದ್ದರೆ ತಾರೀಖು ಮುಗಿದು ಕೂತಿರುತ್ತದೆ.

ಜಮಖಂಡಿ ಮೆಡಿಕಲ್ ಅಂಗಡಿಯವ | ಸೋಮವಾರ ಮಧ್ಯಾಹ್ನ 2:15

ಫೋಟೋ ವಿಷಯಕ್ಕೆ ಒಂದು ಮಾತು. ಸ್ಟ್ರಿಪ್ ಅರ್ಧ ಕತ್ತರಿಸಿ ಕೊಡುವಾಗ ಹೆಸರು, ತಾರೀಖು ಇರುವ ಭಾಗ ನಿಮಗೇ ಬರಲಿ ಅಂತ ಕೇಳಿ. ಮನೆಯಲ್ಲೂ ಆ ಭಾಗದ ಗುಳಿಗೆಯನ್ನು ಕೊನೆಗೆ ತೆಗೆಯಿರಿ.

ವಿಜಯಪುರದ ಮಾಸ್ತರ | ಸೋಮವಾರ ರಾತ್ರಿ 9:15

ಇಲ್ಲಿ ಎಲ್ಲರೂ ಮನೆಯವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ರೋಗಿ. ಹದಿನೇಳು ವರ್ಷದಿಂದ ಶುಗರ್, ಐದು ವರ್ಷದಿಂದ ಇನ್ಸುಲಿನ್. ತಪ್ಪಿಸಿದವನೂ ಹೌದು.

ಇನ್ಸುಲಿನ್ ಅಂದ ಕೂಡಲೇ ನಮ್ಮ ಓಣಿಯಲ್ಲಿ "ಮಾಸ್ತರದು ಕೈ ಮೀರಿತಂತ" ಅಂದರು. ಸೂಜಿ ಅಂದರೆ ಕಡೆಗಾಲ ಅಂತ ಜನ ತಿಳಿದಿದ್ದಾರೆ. ಅದಕ್ಕೆ ಮದುವೆ, ಮುಂಜಿಗೆ ಹೋದಾಗ ನಾನು ಹಾಕಿಕೊಳ್ಳುತ್ತಿರಲಿಲ್ಲ. ಹತ್ತು ಜನರ ನಡುವೆ ಎಲ್ಲಿ ಅಂಗಿ ಎತ್ತಲಿ? ಮೂರು ದಿನದ ಮದುವೆ ಅಂದರೆ ಮೂರು ದಿನ ಬಿಟ್ಟಂತೆಯೇ. ಒಂದು ಸಲ ಮದುವೆ ಮನೆಯಿಂದ ಬಂದು ನೋಡಿಕೊಂಡರೆ 420 ಇತ್ತು. ನನ್ನ ಹೆಂಡತಿ ಒಂದು ಮಾತೂ ಬೈಯಲಿಲ್ಲ. ಮುಂದಿನ ಮದುವೆಯಲ್ಲಿ ಊಟಕ್ಕೆ ಮೊದಲು ತಾನೇ ಎದ್ದು, ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿ ಒಂದು ಖೋಲಿ ಬಿಡಿಸಿಕೊಟ್ಟಳು. ಬಾಗಿಲ ಹೊರಗೆ ನಿಂತಳು. ಎರಡೇ ನಿಮಿಷ. ಅಂದಿನಿಂದ ತಪ್ಪಿಲ್ಲ.

ನಮ್ಮ ಊರಿನ ಬಿಸಿಲೂ ಒಂದು ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಫ್ರಿಜ್ಜೂ ಇಲ್ಲ. ಕಾದು ಹಾಳಾದ ಇನ್ಸುಲಿನ್ ಹಾಕಿಕೊಂಡರೆ ಹಾಕಿಕೊಂಡೂ ಹಾಕಿಕೊಳ್ಳದ ಹಾಗೆಯೇ. ಇನ್ನೂ ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬರ್ಫ ಕಟ್ಟುವ ಖಾನೆಯಲ್ಲಿ ಮಾತ್ರ ಇಡಬಾರದು. ಫ್ರಿಜ್ ಇಲ್ಲದವರಿಗೆ ನಾನು ಹೇಳುವುದು ಮಣ್ಣಿನ ಗಡಿಗೆ. ದೊಡ್ಡ ಗಡಿಗೆಯಲ್ಲಿ ಹಸಿ ಉಸುಕು ಹಾಕಿ, ಅದರೊಳಗೆ ಸಣ್ಣ ಗಡಿಗೆ ಕೂರಿಸಿ, ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಗಿಟ್ಟು, ಮೇಲೆ ಒದ್ದೆ ಅರಿವೆ ಮುಚ್ಚಬೇಕು. ನೆರಳಿನಲ್ಲಿ, ಗಾಳಿ ಆಡುವ ಕಡೆ. ದಿನಾ ಉಸುಕಿಗೆ ನೀರು ಹಾಕಬೇಕು. ಕುಡಿಯುವ ನೀರು ತಣ್ಣಗಾಗುವುದು ಇದೇ ರೀತಿ ಅಲ್ವಾ. ಬಾಟಲಿ ತೆರೆದ ತಾರೀಖು ಅದರ ಮೇಲೇ ಬರೆಯುತ್ತೇನೆ. ನನ್ನದು 28 ದಿನ ಆದ ಮೇಲೆ ಉಳಿದಿದ್ದರೂ ಬಳಸುವಂತಿಲ್ಲ.

ಇನ್ನೊಂದು ಹೇಳದೆ ಇರಲಾರೆ. ಯುಗಾದಿ ಹೊತ್ತಿಗೆ ಮಲ್ಲಯ್ಯನ ಕಂಬಿ ಜೊತೆ ಶ್ರೀಶೈಲಕ್ಕೆ ನಡೆದು ಹೋಗುವವರಲ್ಲಿ ಶುಗರ್ ಇರುವವರು ಈಗ ಬಹಳ. ನಾನೂ ಹೋಗಿದ್ದೇನೆ. ಹೊರಡುವ ಮೊದಲು ಡಾಕ್ಟರನ್ನು ಕೇಳಲಿಲ್ಲ, ಮನೆಯಲ್ಲಿ ಹಾಕುವಷ್ಟೇ ಹಾಕಿಕೊಂಡೆ. ದಿನವಿಡೀ ನಡಿಗೆ, ಊಟದ ಹೊತ್ತು ಹೆಚ್ಚುಕಡಿಮೆ. ದಾರಿಯಲ್ಲಿ ಬರುವ ಭೀಮನಕೊಳ್ಳ ಹತ್ತುವ ಮೊದಲೇ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿದ್ದ ಮುದೋಳದ ಕಡೆಯ ಅಜ್ಜ ನನ್ನ ಮುಖ ನೋಡಿದವನೇ ಬಾಯಿಗೆ ಸಕ್ಕರೆ ಸುರಿದ. ಕಾಲು ತಾಸಿನಲ್ಲಿ ಸರಿಯಾದೆ. ಹೋಗುವವರು ಹೋಗಿ, ಮಲ್ಲಯ್ಯ ಬೇಡ ಅನ್ನುವುದಿಲ್ಲ. ಆದರೆ ಡೋಸ್ ಎಷ್ಟು ಇಳಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ, ಜೇಬಿನಲ್ಲಿ ಸಕ್ಕರೆ ಇರಲಿ, ಜೊತೆಯವರಿಗೆ ಶುಗರ್ ಇದೆ ಅಂತ ಗೊತ್ತಿರಲಿ. ದಿನಾ ಸಂಜೆ ಪಾದ ನೋಡಿಕೊಳ್ಳಿ.

ಮುಧೋಳ ಓದುಗ | ಸೋಮವಾರ ರಾತ್ರಿ 9:40

ದಮ್ಮು ಇರುವವರ ಬಗ್ಗೆಯೂ ಸ್ವಲ್ಪ. ನಮ್ಮ ಕಡೆ ಕಬ್ಬಿನ ರವದಿ ಸುಡುವ ಹೊತ್ತಿನಲ್ಲಿ ಅವ್ವನಿಗೆ ಉಸಿರೇ ಸಿಗುತ್ತಿರಲಿಲ್ಲ. ಡಾಕ್ಟರ್ ಒಂದು ಕ್ಯಾಪ್ಸೂಲು, ಅದನ್ನು ಹಾಕಿ ಎಳೆಯುವ ಪಂಪು ಕೊಟ್ಟಿದ್ದರು. ಎರಡು ತಿಂಗಳಾದರೂ ಕಡಿಮೆಯಿಲ್ಲ. ಆಮೇಲೆ ಗೊತ್ತಾಯಿತು, ಅವ್ವ ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದಳು! ಒಂದು ದಿನವೂ ತಪ್ಪಿಸಿರಲಿಲ್ಲ ಪಾಪ. ಯಾರೂ ಮಾಡಿ ತೋರಿಸಿರಲಿಲ್ಲ, ಅಷ್ಟೇ. ಪಂಪು ಕೊಟ್ಟಾಗ ಅಲ್ಲೇ ಅವರ ಎದುರಿಗೆ ಒಂದು ಸಲ ಎಳೆದು ತೋರಿಸಿ, ಸರಿ ಇದೆಯಾ ಅಂತ ಕೇಳಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಹೆಸರು ಬೇಡ, ಬೆಳಗಾವಿ ಜಿಲ್ಲೆ | ಸೋಮವಾರ ರಾತ್ರಿ 11:55

ನಾನು ಎಆರ್‌ಟಿ, ಅಂದರೆ ಎಚ್‌ಐವಿಗೆ ಕೊಡುವ ಗುಳಿಗೆ ತೆಗೆದುಕೊಳ್ಳುವವಳು. ಒಂಬತ್ತು ವರ್ಷ ಆಯಿತು. ಮದುವೆಯಾದವನಿಂದ ಬಂದದ್ದು, ಅವರು ಈಗ ಇಲ್ಲ. ಅತ್ತೆಮನೆಯಲ್ಲೇ ಇದ್ದೇನೆ. ನನಗೆ ಏನಿದೆ ಅಂತ ಮೈದುನರ ಮನೆಯವರಿಗೆ ಗೊತ್ತಿಲ್ಲ.

ನಮಗೆ ಗುಳಿಗೆ ಪುಕ್ಕಟೆ. 2004ರಿಂದ ಸರ್ಕಾರದವರು ಕೊಡುತ್ತಿದ್ದಾರೆ. ದಿನಕ್ಕೆ ಒಂದೇ ಗುಳಿಗೆ. ರೊಕ್ಕದ ತೊಂದರೆ ಇಲ್ಲ, ಮರೆವೂ ಇಲ್ಲ. ತೊಂದರೆ ಇರುವುದು ಸದ್ದಿನದು. ಡಬ್ಬಿ ಅಲುಗಾಡಿದರೆ ಗಲಗಲ ಅನ್ನುತ್ತದೆ. ಮೊದಮೊದಲು ಆ ಸದ್ದಿಗೆ ಹೆದರಿಯೇ ಎಷ್ಟೋ ರಾತ್ರಿ ನುಂಗಲಿಲ್ಲ. ಸೆಂಟರಿನ ಕೌನ್ಸೆಲರ್ ಅಕ್ಕ ಒಂದು ದಿನ ಗುಳಿಗೆ ಎಣಿಸಿ, "ಹನ್ನೊಂದು ಉಳಿದಾವಲ್ಲವ್ವಾ, ಏನು ತ್ರಾಸು?" ಅಂತ ಕೇಳಿದಳು. ಬೈದಿದ್ದರೆ ಮತ್ತೆ ಹೋಗುತ್ತಿರಲಿಲ್ಲ. ಡಬ್ಬಿಯೊಳಗೆ ಹತ್ತಿ ತುಂಬು, ಸದ್ದಾಗಲ್ಲ ಅಂತ ಹೇಳಿಕೊಟ್ಟಳು. ಹೊತ್ತನ್ನೂ ಬದಲಿಸಿದಳು. ಈಗ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸುವಾಗ ನುಂಗುತ್ತೇನೆ. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣುತ್ತಿಲ್ಲ. ಹಾಗೆ ಇದ್ದರೆ ಇನ್ನೊಬ್ಬರಿಗೆ ಲೈಂಗಿಕವಾಗಿ ಹರಡುವುದೂ ಇಲ್ಲ ಅಂತ ಹೇಳಿದ್ದಾರೆ.

ದುಡಿಯಲು ಗೋವಾಕ್ಕೋ ಪುಣೆಗೋ ಹೋಗುವವರು ನಮ್ಮಲ್ಲಿ ಇದ್ದಾರೆ. ಹೋಗುವ ಮೊದಲು ಸೆಂಟರಿಗೆ ಹೇಳಿ. ಅಲ್ಲಿಯ ಸೆಂಟರಿನಲ್ಲಿ ಸಿಗುವ ಹಾಗೆ ಬರೆದುಕೊಡುತ್ತಾರೆ. ಹೇಳದೆ ಹೋಗಿ ಬಿಟ್ಟವರನ್ನು ನಾನು ನೋಡಿದ್ದೇನೆ. ಯಾರದೂ ಹೆಸರು ಹೇಳಲ್ಲ.

ಸಿಂದಗಿ ಕಡೆಯ ನರ್ಸ್ | ಮಂಗಳವಾರ ಬೆಳಗ್ಗೆ 6:10

ತಾಯಿ, ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ವಿಷಯ ಯಾರಿಗೂ ಹೇಳುವಂತಿಲ್ಲ ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ. ಅದು ನಿಮ್ಮ ಹಕ್ಕು.

ಇಂಡಿ ತಾಲೂಕಿನವ | ಮಂಗಳವಾರ ಬೆಳಗ್ಗೆ 10:30

ನನಗೆ ಒಂದು ಸಂಶಯ. ಬಿಪಿ ನಾರ್ಮಲ್ ಬಂದ ಮೇಲೂ ಯಾಕೆ ನುಂಗಬೇಕು? ನನಗೆ ಹೋದ ತಿಂಗಳು 124/80 ಬಂತು. ಚಟ ಆಗಿಬಿಡುತ್ತೆ ಅಂತ ನಮ್ಮ ಕಾಕಾ ಹೇಳುತ್ತಾರೆ.

ಅಥಣಿ ಹೊಳೆಸಾಲಿನ ರೈತ | ಮಂಗಳವಾರ ಬೆಳಗ್ಗೆ 11:20

ತಮ್ಮಾ, ನಾನೂ ಇದೇ ಪ್ರಶ್ನೆ ಕೇಳಿದ್ದೆ. ಹೊಲಕ್ಕೆ ನೀರು ನುಗ್ಗಬಾರದು ಅಂತ ಒಡ್ಡು ಹಾಕುತ್ತೇವೆ. ನೀರು ಬರಲಿಲ್ಲ ಅಂತ ಒಡ್ಡು ಕಿತ್ತು ಹಾಕುತ್ತೇವಾ? 124 ಬಂದದ್ದು ಗುಳಿಗೆ ಇರುವುದರಿಂದ. ಚಟ ಅಂದರೆ ದಿನದಿನಕ್ಕೆ ಜಾಸ್ತಿ ಬೇಕು ಅನ್ನಿಸುವುದು. ನಾನು ಹನ್ನೆರಡು ವರ್ಷದಿಂದ ಅದೇ ಒಂದು ಗುಳಿಗೆಯಲ್ಲಿದ್ದೇನೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟು ತೂಕ ಇಳಿಸಿದರೆ ಕಮ್ಮಿ ಮಾಡಬಹುದಂತೆ. ಆದರೆ ಅದನ್ನು ಡಾಕ್ಟರ್ ನೋಡಿ ಮಾಡಬೇಕು. ಕೆಲವು ಬಿಪಿ ಗುಳಿಗೆ ತಟ್ಟನೆ ಬಿಟ್ಟರೆ ಮೊದಲಿಗಿಂತ ಜಾಸ್ತಿ ಏರುತ್ತದೆ.

ನವನಗರದ ಸೊಸೆ, ಬಾಗಲಕೋಟೆ | ಬುಧವಾರ ರಾತ್ರಿ 10:05

ಎಲ್ಲರಿಗೂ ಹೇಳಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಸೋಮವಾರ ಮಧ್ಯಾಹ್ನ ಅತ್ತೆ ಬಂದರು. ರೊಟ್ಟಿ, ಮುಳಗಾಯಿ ಪಲ್ಯ ಬಡಿಸಿದೆ. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತರು. ನಾನು ಪಕ್ಕ ಕೂತು ಮೊದಲು ತಪ್ಪಾಯಿತು ಅಂದೆ. ಆಮೇಲೆ ನರ್ಸ್ ಅಕ್ಕ ಹೇಳಿದ ಹಾಗೇ ಕೇಳಿದೆ. ದಿನಾ ನುಂಗುವುದು ಬೇಜಾರೇ ಅಲ್ವಾ ಅತ್ತೆ, ವಾರದಲ್ಲಿ ಎಷ್ಟು ದಿನ ತಪ್ಪುತ್ತೆ ಅಂತ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆ ಗುಳಿಗಿ ನುಂಗಿದ ಮ್ಯಾಲ ತಾಸಿಗೊಮ್ಮೆ ಏಳಬೇಕಾಗತೈತಿ. ಮಾರ್ಕೆಟ್ಟಿನ್ಯಾಗ ನಾ ಎಲ್ಲಿ ಹೋಗ್ಲಿ? ಬುಟ್ಟಿ ಯಾರು ನೋಡ್ತಾರ?"

ನನಗೆ ಮಾತೇ ಬರಲಿಲ್ಲ. ಹೋದ ವರ್ಷ ಸೇರಿಸಿದ ಎರಡನೆಯ ಗುಳಿಗೆ ಮೂತ್ರ ಜಾಸ್ತಿ ಮಾಡಿಸುವುದಂತೆ. ಅತ್ತೆ ಕೂರುವ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಜಾಗವಿಲ್ಲ. ಇರುವುದೊಂದು ದೂರ, ಅದಕ್ಕೂ ಬೀಗ ಬಿದ್ದಿರುತ್ತದೆ. ಯಾವ ಗುಳಿಗೆಯಿಂದ ಹೀಗಾಗುತ್ತಿದೆ ಅಂತ ತಿಳಿಯದೆ ಬೆಳಗಿನದನ್ನು ಎಲ್ಲಾ ಬಿಟ್ಟಿದ್ದಾರೆ. ಬೆಳಗ್ಗೆಯಿಂದ ಎರಡರ ತನಕ ನೀರೂ ಕುಡಿಯುವುದಿಲ್ಲವಂತೆ. ಇಷ್ಟು ವರ್ಷ ಜೊತೆಗಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ.

ಸಕ್ಕರೆ ಗುಳಿಗೆ ಯಾಕೆ ಬಿಟ್ಟಿರಿ ಅಂದರೆ ಇನ್ನೊಂದು ಮಾತು: "ಅದು ಹೊಟ್ಟ್ಯಾಗ ಕರಗೂದ ಇಲ್ಲವ್ವಾ. ಸಂಡಾಸದಾಗ ಹಂಗ ಹೊರಗ ಬರತೈತಿ. ನುಂಗಿ ಏನ ಉಪಯೋಗ?" ಮಂಗಳವಾರ ದವಾಖಾನೆಗೆ ಹೋದಾಗ ಡಾಕ್ಟರ್ ಇದನ್ನು ಕೇಳಿ ನಗಲಿಲ್ಲ. ಅದು ಮೆಟ್‌ಫಾರ್ಮಿನ್ ಎಸ್‌ಆರ್, ಔಷಧವೆಲ್ಲ ಮೈಗೆ ಇಳಿದ ಮೇಲೆ ಬರೀ ಸಿಪ್ಪೆ ಹೊರಗೆ ಬರುತ್ತದೆ, ಶೇಂಗಾ ತಿಂದು ಸಿಪ್ಪೆ ಬಿಟ್ಟ ಹಾಗೆ ಅಂತ ಅತ್ತೆಗೇ ತಿಳಿಸಿ ಹೇಳಿದರು. ಅತ್ತೆ ತಲೆ ಆಡಿಸಿದರು.

ಚೀಲವನ್ನು ಮೇಜಿನ ಮೇಲೆ ಇಟ್ಟಾಗ ಅತ್ತೆ ತಲೆ ತಗ್ಗಿಸಿದರು. ಎಸೆಯದೆ ಯಾಕೆ ಇಟ್ಟಿದ್ದಿರಿ ಅಂತ ಡಾಕ್ಟರ್ ಕೇಳಿದರು. "ರೊಕ್ಕಾ ಕೊಟ್ಟು ತಂದದ್ದರೀ, ಚೆಲ್ಲಾಕ ಮನಸ್ಸ ಬರಲಿಲ್ಲ" ಅಂದರು.

ಬಿಪಿ ಅವತ್ತು 182/104 ಇತ್ತು. ಡಾಕ್ಟರ್ ಮೂರೂ ಗುಳಿಗೆ ನಿಲ್ಲಿಸಿ, ಎರಡು ಔಷಧ ಸೇರಿದ ಒಂದೇ ಗುಳಿಗೆ ಬರೆದರು. ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಎರಡೂ ಅದರಲ್ಲೇ ಇವೆ. ಮೂತ್ರದ್ದು ಸದ್ಯಕ್ಕೆ ಬೇಡ ಅಂದರು. ಈ ಹೊಸ ಗುಳಿಗೆಯನ್ನು ಮಧ್ಯಾಹ್ನ ಮಾರ್ಕೆಟ್ಟಿನಿಂದ ಬಂದು ಊಟ ಆದ ಮೇಲೆ ತೆಗೆದುಕೊಂಡರೂ ನಡೆಯುತ್ತದೆ, ದಿನಾ ಅದೇ ಹೊತ್ತಿಗೆ ಆಗಬೇಕು ಅಷ್ಟೇ ಅಂತ ಹೇಳಿದರು. ಸಕ್ಕರೆಯದು ರಾತ್ರಿ ಊಟದ ಜೊತೆ. ಮಧ್ಯಾಹ್ನ ಮರೆತರೆ ಅವತ್ತೇ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ ಅಂತಲೂ ಹೇಳಿದರು. ಹದಿನೈದು ದಿನಕ್ಕೆ ಮತ್ತೆ ಬರಬೇಕು.

ಗುಳಿಗೆ ಈಗ ಎಲೆ ಅಡಿಕೆ ಚಂಚಿಯಲ್ಲಿದೆ. ಅತ್ತೆಯೇ ಹೇಳಿ ಇಟ್ಟುಕೊಂಡರು. ಊಟ ಆದ ಮೇಲೆ ಚಂಚಿ ತೆಗೆಯದ ದಿನ ಅವರ ಜೀವನದಲ್ಲಿ ಇಲ್ಲ. ಸುಣ್ಣದ ಡಬ್ಬಿಯ ಒದ್ದೆ ತಾಗದ ಹಾಗೆ ಬೇರೆ ಖಾನೆಯಲ್ಲಿ, ಸ್ಟ್ರಿಪ್ ಸಮೇತ.

ಜಮಖಂಡಿ ಮೆಡಿಕಲ್ ಅಂಗಡಿಯವ | ಬುಧವಾರ ರಾತ್ರಿ 10:30

ತಂಗಿ, ಚಂಚಿ ಬಹಳ ಒಳ್ಳೆಯ ಜಾಗ. ನಾಳೆಯಿಂದ ನನ್ನ ಅಂಗಡಿಗೆ ಬರುವ ಅವ್ವಂದಿರಿಗೂ ಹೇಳುತ್ತೇನೆ. ಎಲೆ ಜೊತೆ ತಂಬಾಕು ಇದ್ದರೆ ಮಾತ್ರ ಅದನ್ನು ಮೆಲ್ಲಗೆ ಬಿಡಿಸು.

ಸಿಂದಗಿ ಕಡೆಯ ನರ್ಸ್ | ಗುರುವಾರ ಬೆಳಗ್ಗೆ 6:15

ಟೆಲ್ಮಿಸಾರ್ಟನ್ ಶುರು ಮಾಡಿದ್ದಾರೆ ಅಂದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಪೊಟ್ಯಾಸಿಯಂ ರಕ್ತ ಪರೀಕ್ಷೆ ಬರೆದಿದ್ದಾರಾ ನೋಡಿ. ಬರೆಯದಿದ್ದರೆ ಮುಂದಿನ ಸಲ ಕೇಳಿ. ನಿಮ್ಮ ಆಶಾ ಕಾರ್ಯಕರ್ತೆಗೂ ಅತ್ತೆಯ ಹೆಸರು ಬರೆಸಿ. ಸರ್ಕಾರಿ ದವಾಖಾನೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ಗುಳಿಗೆ ಪುಕ್ಕಟೆ ಸಿಗುತ್ತವೆ. ಮತ್ತೆ ಅತ್ತೆಯವರು ಈಗ ಬೆಳಗ್ಗೆ ನೀರು ಕುಡಿಯುತ್ತಿದ್ದಾರಾ?

ನವನಗರದ ಸೊಸೆ, ಬಾಗಲಕೋಟೆ | ಗುರುವಾರ ಮಧ್ಯಾಹ್ನ 3:40

ಪರೀಕ್ಷೆ ಬರೆದಿದ್ದಾರೆ ಅಕ್ಕಾ, ಹದಿನೈದು ದಿನಕ್ಕೆ ಹೋದಾಗ ಮಾಡಿಸಬೇಕು. ನೀರು ಇನ್ನೂ ಸರಿಯಾಗಿ ಕುಡಿಯುತ್ತಿಲ್ಲ. ಇವತ್ತು ನಾನೇ ಮಾರ್ಕೆಟ್ಟಿಗೆ ಹೋಗಿದ್ದೆ. ಆ ಸಾಲಿನಲ್ಲಿ ಕೂರುವ ಹೆಣ್ಣುಮಕ್ಕಳು ಹದಿನಾಲ್ಕು ಜನ. ಅವರಲ್ಲಿ ಆರು ಮಂದಿಗೆ ಬಿಪಿ ಇದೆ, ಇಬ್ಬರು ಅತ್ತೆ ಹಾಗೇ ಬೆಳಗಿನ ಗುಳಿಗೆ ಬಿಟ್ಟಿದ್ದಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿಕೊಂಡು ಬಂದಿದ್ದೇನೆ. ಹದಿನಾಲ್ಕೂ ಜನರ ಸಹಿ, ಹೆಬ್ಬೆಟ್ಟು ಹಾಕಿಸಿ ಸೋಮವಾರ ಅರ್ಜಿ ಕೊಡುತ್ತೇವೆ. ಅರ್ಜಿ ಹೇಗೆ ಬರೆಯಬೇಕು ಅಂತ ಗೊತ್ತಿರುವವರು ಇದ್ದರೆ ಇಲ್ಲೇ ಹೇಳಿ.